ಗಂಡಿಗಳ ದಾರಿ: ಹೊಸಪೇಟೆಯಿಂದ ಸಂಡೂರು ಬೆಟ್ಟಗಳಿಗೆ

ಹೊಸಪೇಟೆಯ ತೆಂಕಣ ಅಂಚಿನಿಂದ ಶುರುವಾಗಿ ವಾಯವ್ಯದಿಂದ ಆಗ್ನೇಯಕ್ಕೆ ಎರಡು ಸಾಲಾಗಿ ಚಾಚಿಕೊಂಡ ಬೆಟ್ಟಗಳೇ ಸಂಡೂರು ಬೆಟ್ಟಸಾಲು. ಎರಡೂ ಸಾಲುಗಳ ನಡುವೆ ಉದ್ದನೆಯ, ಕಿರಿದಾದ ಕಣಿವೆಯಿದ್ದು ಸಂಡೂರು ಪಟ್ಟಣ ಅದರೊಳಗಿದೆ. ಹೊಸಪೇಟೆಯಿಂದ ಸಂಡೂರಿಗೆ ಸುಮಾರು 30 ಕಿಲೋಮೀಟರ್. ಅಲ್ಲಿಂದ ಕುಮಾರಸ್ವಾಮಿ ಬೆಟ್ಟದ ನೆತ್ತಿಗೆ ಮತ್ತೆ ಹತ್ತು ಹನ್ನೆರಡು ಕಿಲೋಮೀಟರ್ ಘಾಟಿ. ದಾರಿ ಉದ್ದವೇನೂ ಅಲ್ಲ. ಆದರೆ ಬಯಲುಸೀಮೆಯ ಬಿಸಿಲಿನಲ್ಲಿ ಬಂದವರನ್ನು ಒಂದೇ ಗಂಟೆಯೊಳಗೆ ಕಾಡು, ಕಣಿವೆ, ಮೋಡಗಳ ನಡುವೆ ತಂದು ನಿಲ್ಲಿಸುವ ಇಂಥ ರಸ್ತೆ ಈ ಭಾಗದಲ್ಲಿ ಇನ್ನೊಂದಿಲ್ಲ. ಹೀಗಿದ್ದೂ ಹಂಪಿ ನೋಡಲು ಬರುವ ಲಕ್ಷಾಂತರ ಜನರಲ್ಲಿ ಬಹುಪಾಲು ಮಂದಿ ಹೊಸಪೇಟೆಯಿಂದಲೇ ಹಿಂದಿರುಗುತ್ತಾರೆ.

ಹಂಪಿಯ ಬೆಟ್ಟಗಳಿಗೂ ಸಂಡೂರಿನ ಬೆಟ್ಟಗಳಿಗೂ ಹೋಲಿಕೆಯೇ ಇಲ್ಲ. ಹಂಪಿಯದು ಗ್ರಾನೈಟ್: ಸುಮಾರು 250 ಕೋಟಿ ವರ್ಷ ಹಳೆಯ ಬಂಡೆ ಬಿರುಕುಬಿಟ್ಟು, ಬಿಸಿಲು ಮಳೆಗಳಿಗೆ ಸವೆದು ಗುಂಡುಗಲ್ಲುಗಳ ರಾಶಿಯಾಗಿದೆ. ಸಂಡೂರಿನದು ಅದಕ್ಕಿಂತ ಹಳೆಯದು, ಸುಮಾರು 270 ಕೋಟಿ ವರ್ಷದ್ದು. ಪುರಾತನ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ ಮತ್ತು ಮ್ಯಾಂಗನೀಸ್, ಭೂಮಿಯ ಒತ್ತಡಕ್ಕೆ ಸಿಕ್ಕಿ ಮಡಿಕೆಯಾಗಿ ಮೇಲೆದ್ದಿತು. ಆ ಮಡಿಕೆಯ ಒಳಭಾಗವೇ ಇಂದಿನ ಸಂಡೂರು ಕಣಿವೆ, ಅದರ ಎರಡು ಗೋಡೆಗಳೇ ಬೆಟ್ಟಸಾಲುಗಳು. ಆದ್ದರಿಂದಲೇ ಇಲ್ಲಿ ಹಂಪಿಯಂತೆ ಮೊನಚು ಶಿಖರಗಳಿಲ್ಲ, ಉರುಳುಗಲ್ಲುಗಳಿಲ್ಲ. ನೆತ್ತಿ ಚಪ್ಪಟೆಯಾಗಿ, ಮೈಲಿಗಟ್ಟಲೆ ಒಂದೇ ಮಟ್ಟದಲ್ಲಿ ಸಾಗುತ್ತದೆ. ಮಣ್ಣು ಕಡುಗೆಂಪು. ರಸ್ತೆಗಾಗಿ ಗುಡ್ಡ ಕಡಿದ ಕಡೆಗಳಲ್ಲಿ ಕೆಂಪು, ಬೂದು, ಕಪ್ಪು ಪಟ್ಟೆಗಳು ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಕಾಣುತ್ತವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಳ್ಳಾರಿ ಜಿಲ್ಲೆಯ ಸಮೀಕ್ಷೆ ಮಾಡಿ 1895ರಲ್ಲಿ ವರದಿ ಪ್ರಕಟಿಸಿದ ಮೇಲೆ ಈ ಅದಿರಿನ ಸಂಪತ್ತು ಹೊರಜಗತ್ತಿಗೆ ಸ್ಪಷ್ಟವಾಗಿ ತಿಳಿಯಿತು. ಮುಂದಿನ ಎಲ್ಲ ಕಥೆಗೂ ಅಲ್ಲಿಂದಲೇ ಆರಂಭ.

ಹೊಸಪೇಟೆ ಬಿಡುತ್ತಿದ್ದಂತೆ ಮೊದಲು ಎದುರಾಗುವುದು ಜಂಬುನಾಥನ ಬೆಟ್ಟ. ಮೇಲಿನ ಜಂಬುನಾಥಸ್ವಾಮಿ ಗುಡಿಯ ಬಳಿ ನಿಂತರೆ ಒಂದು ಕಡೆ ಊರು, ಇನ್ನೊಂದು ಕಡೆ ತುಂಗಭದ್ರಾ ಜಲಾಶಯದ ಹಿನ್ನೀರು. ಊರವರ ಬಾಯಲ್ಲಿ ಅದು ಇಂದಿಗೂ ‘ಟಿ.ಬಿ. ಡ್ಯಾಂ’. ಚಿತ್ರದುರ್ಗದ ಕಡೆಯ ಹೆದ್ದಾರಿ ಈಗ ಇದೇ ಗುಡ್ಡಗಳ ಚಾಚಿನಲ್ಲಿ ಸುರಂಗ ಹೊಕ್ಕು ಸಾಗುತ್ತದೆ. ಸಂಡೂರಿನ ದಾರಿ ಮಾತ್ರ ಸುರಂಗದ ಸಹವಾಸವಿಲ್ಲದೆ, ಬೈಲುವದ್ದಿಗೇರಿಯ ಕಡೆಯಿಂದ ಬೆಟ್ಟದ ಬುಡ ಹಿಡಿದು, ಏರಿಳಿಯುತ್ತ, ತಿರುವುಗಳಲ್ಲಿ ತನ್ನ ಮುಂದಿನ ಭಾಗವನ್ನು ಮರೆಮಾಡುತ್ತ ಕಣಿವೆಗೆ ಇಳಿಯುತ್ತದೆ. ಚಾರ್ಮಾಡಿ, ಆಗುಂಬೆಗಳ ಕಡಿದಾದ ಹಿಮ್ಮುರಿ ತಿರುವುಗಳು ಇಲ್ಲಿಲ್ಲ. ಪ್ರಪಾತದ ಅಂಚಿನ ಭಯವೂ ಇಲ್ಲ. ಇಲ್ಲಿನ ಸೊಗಸು ಬೇರೆ ಬಗೆಯದು. ಎಡಬಲದ ಬೆಟ್ಟಗೋಡೆಗಳು ಒಮ್ಮೆ ಹತ್ತಿರ ಬರುತ್ತವೆ, ಒಮ್ಮೆ ದೂರ ಸರಿಯುತ್ತವೆ. ಭುಜಂಗನಗರ, ಸುಶೀಲಾನಗರದಂಥ ಊರುಗಳ ಹೊಲಗಳಲ್ಲಿ ಜೋಳ, ಮೆಕ್ಕೆಜೋಳ ಕಾಣುತ್ತವೆ. ಅವುಗಳ ಹಿಂದೆಯೇ ಹುಲ್ಲು ಹೊದ್ದ ಬೆಟ್ಟ.

ಈ ಕಣಿವೆಗೆ ಸಹಜವಾಗಿ ಒದಗಿದ ಬಾಗಿಲುಗಳಿವೆ. ಅವನ್ನು ಇಲ್ಲಿನವರು ‘ಗಂಡಿ’ ಎನ್ನುತ್ತಾರೆ. ಪಶ್ಚಿಮದ ಬೆಟ್ಟಸಾಲಿನಲ್ಲಿ ಓಬಳಗಂಡಿ, ಪೂರ್ವದಲ್ಲಿ ಭೀಮಗಂಡಿ, ದಕ್ಷಿಣಕ್ಕೆ ಯಶವಂತನಗರದ ಬಳಿ ರಾಮನಗಂಡಿ. ಕೂಡ್ಲಿಗಿ ಸೀಮೆಯಲ್ಲಿ ಹುಟ್ಟುವ ನಾರಿಹಳ್ಳ ಓಬಳಗಂಡಿಯಲ್ಲಿ ಬೆಟ್ಟ ಸೀಳಿ ಒಳಬಂದು, ಕಣಿವೆಯನ್ನು ಅಡ್ಡಲಾಗಿ ದಾಟಿ, ಭೀಮಗಂಡಿಯಲ್ಲಿ ಇನ್ನೊಂದು ಬೆಟ್ಟವನ್ನೂ ಸೀಳಿ ಹೊರಗೆ ಹೋಗುತ್ತದೆ. ಓಬಳಗಂಡಿ ಪಟ್ಟಣದಿಂದ ಮೂರು ಕಿಲೋಮೀಟರಿನಷ್ಟು ದೂರ. ತಳದಲ್ಲಿ ಹಳ್ಳ ಹರಿಯುವ ಜಾಗದ ಅಗಲ ಸುಮಾರು 45 ಅಡಿ ಮಾತ್ರ. ಇಕ್ಕೆಲದಲ್ಲೂ ಹೆಮಟೈಟ್ ಬಂಡೆಗಳು 180 ಅಡಿಯಷ್ಟು ಎತ್ತರಕ್ಕೆ ನೆಟ್ಟಗೆ ನಿಂತಿವೆ. ಬೆಳಗಿನ ಹೊತ್ತು ಅವು ನೇರಳೆ ಮಿಶ್ರಿತ ಕಪ್ಪಾಗಿ, ಸಂಜೆಯ ಬಿಸಿಲು ಬಿದ್ದಾಗ ಕಾದ ಕಬ್ಬಿಣದ ಬಣ್ಣಕ್ಕೆ ತಿರುಗುತ್ತವೆ. ಭೀಮಗಂಡಿ ಇದಕ್ಕಿಂತ ಅಗಲ. ತೋರಣಗಲ್ಲಿನ ಕಡೆಗೆ ಹೋಗುವ ರಸ್ತೆ ಅದರೊಳಗಿಂದಲೇ ಹಾದುಹೋಗುವುದರಿಂದ ವಾಹನದಲ್ಲಿ ಕೂತೇ ಬೆಟ್ಟದ ಒಡಲನ್ನು ಹೊಕ್ಕು ಹೊರಬಂದ ಅನುಭವ ಸಿಗುತ್ತದೆ. ಹತ್ತಿರದ ತಾರಾನಗರದ ಬಳಿ ನಾರಿಹಳ್ಳಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ತುಂಬಿದ ಆ ಜಲಾಶಯ, ಹಿಂದಿನ ಹಸಿರು ಬೆಟ್ಟ, ಮೇಲೆ ತೇಲುವ ಮೋಡ ಇವನ್ನು ನೋಡಿದವರಿಗೆ ತಾವಿರುವುದು ಬಳ್ಳಾರಿ ಜಿಲ್ಲೆಯಲ್ಲಿ ಎಂದು ನಂಬುವುದು ಕಷ್ಟ.

ಚಾಲನೆಯ ದೃಷ್ಟಿಯಿಂದ ಇಡೀ ದಾರಿಯ ಅತ್ಯುತ್ತಮ ತುಂಡೆಂದರೆ ಕುಮಾರಸ್ವಾಮಿ ಬೆಟ್ಟದ ಏರು. ಸಂಡೂರಿನ ಆಗ್ನೇಯಕ್ಕೆ ಬೆಟ್ಟಸಾಲಿನ ಅತಿ ಎತ್ತರದ ಜಾಗ ಇಲ್ಲೇ, ದೇವಸ್ಥಾನದ ಮೇಲ್ಭಾಗದಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 3,400 ಅಡಿ, ಅಂದರೆ ಸಾವಿರ ಮೀಟರಿಗೆ ತುಸು ಮೇಲೆ. ರಸ್ತೆ ಕಾಡಿನ ನಡುವೆ ಸುತ್ತಿ ಸುತ್ತಿ ಏರುತ್ತದೆ. ಒಂದೊಂದು ತಿರುವಿನಲ್ಲೂ ಕಣಿವೆ ಒಂದೊಂದು ಮೆಟ್ಟಿಲು ಕೆಳಗಿಳಿದಂತೆ ಕಾಣುತ್ತದೆ. ನೆತ್ತಿಯ ಹತ್ತಿರ, ಮರಗಳ ಮಧ್ಯದ ತಗ್ಗಿನಲ್ಲಿ ಗುಡಿಗಳ ಗುಂಪು. ಇವುಗಳಲ್ಲಿ ಹಳೆಯದು ಪಾರ್ವತಿಯ ಗುಡಿ. ಬಾದಾಮಿ ಚಾಲುಕ್ಯರ ಕಾಲದ ಕಟ್ಟಡ. ಕುಮಾರಸ್ವಾಮಿಯ ಕ್ಷೇತ್ರವಾಗಿ ಈ ಬೆಟ್ಟ ರಾಷ್ಟ್ರಕೂಟರ ಕಾಲದಲ್ಲೇ ಹೆಸರಾಗಿತ್ತು. ತಾಯಿಯ ಮೇಲೆ ಮುನಿಸಿಕೊಂಡ ಕುಮಾರ ಇಲ್ಲಿ ಬ್ರಹ್ಮಚಾರಿಯಾಗಿ ನೆಲೆಸಿದ ಎಂಬುದು ಸ್ಥಳಪುರಾಣ. ಅದರ ಪ್ರಕಾರ ಅವನ ಗುಡಿಯೊಳಗೆ ಹೆಂಗಸರು ಹೋಗುವ ರೂಢಿಯಿಲ್ಲ. ಪಾರ್ವತಿಯ ಗುಡಿಗೆ ಅಂಥ ಕಟ್ಟಿಲ್ಲ. ಅಗಸ್ತ್ಯತೀರ್ಥವೆಂಬ ಹೊಂಡವೂ ಇಲ್ಲಿದೆ. ದಾರಿಯಲ್ಲಿ ಸಿಗುವ ಹರಿಶಂಕರದಲ್ಲಿ ಬಂಡೆಯ ಸಂದಿನಿಂದ ಚಿಮ್ಮುವ ಬುಗ್ಗೆಯ ನೀರಿಗೆ ಜನ ಬಾಟಲಿ ಹಿಡಿದು ನಿಲ್ಲುತ್ತಾರೆ. ಬೆಟ್ಟದ ಒಡಲಿನಲ್ಲಿ ನೀರು ಉಳಿಯಬೇಕಾದರೆ ಮೇಲೆ ಕಾಡು ಇರಬೇಕು ಎಂಬುದಕ್ಕೆ ಆ ಬುಗ್ಗೆಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೊಂದು ಎತ್ತರದ ಜಾಗ ರಾಮನದುರ್ಗ, ಈಗಿನ ರಾಮಗಡ. 3,256 ಅಡಿ ಎತ್ತರದ ಈ ಬೆಟ್ಟವನ್ನು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬ್ರಿಟಿಷರು ಬಳ್ಳಾರಿಯ ದಂಡಿನ ಸಿಪಾಯಿಗಳಿಗೆ ಆರೋಗ್ಯಧಾಮವಾಗಿ ಮಾಡಿಕೊಂಡರು. ಬಳ್ಳಾರಿಯ ಬೇಸಿಗೆ ತಾಳಲಾರದ ಅಧಿಕಾರಿಗಳು ಇಲ್ಲಿ ಬಂಗಲೆ ಕಟ್ಟಿಸಿಕೊಂಡಿದ್ದರು. ಊಟಿ, ಕೊಡೈಕೆನಾಲ್‌ಗಳಿಗೆ ಬಂದ ಭಾಗ್ಯ ಇದಕ್ಕೆ ಬರಲಿಲ್ಲ. ದಂಡು ಇಳಿದುಹೋದ ಮೇಲೆ ಬಂಗಲೆಗಳು ಪಾಳುಬಿದ್ದವು, ಸುತ್ತಲ ಬೆಟ್ಟಗಳಿಗೆ ಗಣಿ ಬಂತು.

ಸಂಡೂರು ಹದಿನೆಂಟನೆಯ ಶತಮಾನದಿಂದ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. 1949ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿ, 1953ರಲ್ಲಿ ಬಳ್ಳಾರಿಯೊಂದಿಗೆ ಮೈಸೂರು ರಾಜ್ಯಕ್ಕೆ ಬಂತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರಚನೆಯಾದಾಗ ಸಂಡೂರು, ಕಂಪ್ಲಿ ತಾಲ್ಲೂಕುಗಳು ಬಳ್ಳಾರಿಯಲ್ಲೇ ಉಳಿದವು. ಹೀಗಾಗಿ ಮೂವತ್ತು ಕಿಲೋಮೀಟರಿನ ಈ ಪಯಣದಲ್ಲಿ ಒಂದು ಜಿಲ್ಲೆಯ ಗಡಿ ದಾಟುತ್ತೇವೆ. ಸಂಸ್ಥಾನದ ಶಿವವಿಲಾಸ ಅರಮನೆ ಈಗ ಪಾರಂಪರಿಕ ಹೋಟೆಲು. ರಾಜ್ಯದ ಹಣಕಾಸು ಸಚಿವರಾಗಿದ್ದ ಎಂ.ವೈ. ಘೋರ್ಪಡೆ (1931–2011) ಇದೇ ಮನೆತನದವರು. ಅವರು ನುರಿತ ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದರು.

ಪಟ್ಟಣದಲ್ಲಿ ತಪ್ಪದೆ ನೋಡಬೇಕಾದ್ದು ಸಂಡೂರು ಕುಶಲ ಕಲಾ ಕೇಂದ್ರ. ಸುತ್ತಲ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ ಚೂರು, ಕವಡೆ, ಬಣ್ಣದ ದಾರಗಳಿಂದ ಬಟ್ಟೆಯ ಮೇಲೆ ಮಾಡುವ ಕಸೂತಿಗೆ 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ ಎಂಬ ಹೆಸರಿನಲ್ಲೇ ಭೌಗೋಳಿಕ ಗುರುತು ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಗಣಿಯ ಕೂಲಿ ಬಂದಷ್ಟೇ ಬೇಗ ನಿಂತೂಹೋಗುವ ಸೀಮೆಯಲ್ಲಿ ಮನೆಯಂಗಳದಲ್ಲೇ ಕೂತು ದುಡಿಯುವ ಈ ಕಸುಬಿಗೆ ದೊಡ್ಡ ಬೆಲೆಯಿದೆ. ಪ್ರವಾಸಿಗರು ಇಲ್ಲಿ ಕೊಳ್ಳುವ ಒಂದು ಚೀಲದ ಹಣ ನೇರವಾಗಿ ತಾಂಡಾದ ಮನೆ ಸೇರುತ್ತದೆ.

ಸಂಡೂರನ್ನು ಸೆಪ್ಟೆಂಬರ್‌ನಲ್ಲೇ ನೋಡಬೇಕು ಎನ್ನುತ್ತಾರೆ ಊರಿನ ಜನ. 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿಯೇ ಹಾಗೆ ಹೇಳಿದ್ದರೆಂದು ನೆನೆಯುವವರೂ ಉಂಟು. ಯಾರು ಹೇಳಿದ್ದರೂ ಮಾತು ನಿಜ. ಮಾರ್ಚ್‌ನಿಂದ ಮೇವರೆಗೆ ಬೆಟ್ಟದ ಹುಲ್ಲು ಒಣಗಿ ಕಂದಾಗಿರುತ್ತದೆ, ಕೆಂದೂಳು ಎಲೆಗಳ ಮೇಲೆ ಕೂತಿರುತ್ತದೆ. ಜೂನ್‌ನಲ್ಲಿ ಮೊದಲ ಮಳೆ ಧೂಳು ತೊಳೆಯುತ್ತದೆ. ಆಗಸ್ಟ್ ಹೊತ್ತಿಗೆ ಹಸಿರು ನೆತ್ತಿ ಮುಟ್ಟುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಬೆಳಗಿನ ಮಂಜು ಕಣಿವೆಯ ತಳದಲ್ಲಿ ಹಾಸಿಕೊಂಡು, ಎಂಟು ಗಂಟೆಯ ಮೇಲೆ ಮೆಲ್ಲನೆ ಏಳುತ್ತದೆ. ಹಲವು ವರ್ಷಗಳಿಗೊಮ್ಮೆ ಕುರಿಂಜಿ ಅರಳಿದಾಗ ಇಳಿಜಾರುಗಳಿಗೆ ನೀಲಿ ಬಣ್ಣ ಬರುತ್ತದೆ. ಆ ಸುದ್ದಿ ಹರಡಿದರೆ ಬೈಕುಗಳ ಸಾಲು ಬೆಂಗಳೂರು, ಹುಬ್ಬಳ್ಳಿಗಳಿಂದಲೂ ಬರುತ್ತದೆ.

ಇಷ್ಟು ಚೆಲುವಿನ ದಾರಿ ಕೆಲಕಾಲ ರಾಜ್ಯದ ಅತ್ಯಂತ ಕೆಟ್ಟ ರಸ್ತೆಗಳಲ್ಲಿ ಒಂದಾಗಿತ್ತು. ಮ್ಯಾಂಗನೀಸ್ ಗಣಿಗಾರಿಕೆ ಇಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಶುರುವಾಗಿತ್ತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಹುಟ್ಟಿತು. 1977ರಲ್ಲಿ ದೋಣಿಮಲೈಯಲ್ಲಿ ಕೇಂದ್ರ ಸರ್ಕಾರದ ಎನ್‌ಎಂಡಿಸಿ ಗಣಿ ಆರಂಭವಾಯಿತು. ಅದಿರು ಸಾಗಿಸಲು ಹೊಸಪೇಟೆ–ಸ್ವಾಮಿಹಳ್ಳಿ ರೈಲುಮಾರ್ಗವಿತ್ತು. ಅಲ್ಲಿಯವರೆಗೆ ಬೆಟ್ಟಗಳು ಹೇಗೋ ತಾಳಿಕೊಂಡಿದ್ದವು. 2003ರ ಸುಮಾರಿಗೆ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಎಲ್ಲವೂ ಬದಲಾಯಿತು. ಹಗಲೂ ರಾತ್ರಿ ಟಿಪ್ಪರ್, ಲಾರಿಗಳ ಸಾಲು. ಹೊಲಗಳ ಮೇಲೆ, ಬಾವಿಗಳ ಮೇಲೆ, ಶಾಲೆಗೆ ಹೋಗುವ ಮಕ್ಕಳ ಅಂಗಿಯ ಮೇಲೆ ಕೆಂದೂಳು. ರಸ್ತೆಯಲ್ಲಿ ಡಾಂಬರು ಹುಡುಕಬೇಕಾದ ಸ್ಥಿತಿ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿಗಳು 2008 ಮತ್ತು 2011ರಲ್ಲಿ ಅಕ್ರಮದ ಆಳವನ್ನು ಬಯಲು ಮಾಡಿದವು. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಅಕ್ರಮ ನಡೆದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದವಕ್ಕೆ ಪುನಶ್ಚೇತನ ಯೋಜನೆ, ವಾರ್ಷಿಕ ಉತ್ಪಾದನೆಯ ಮಿತಿ ಹಾಕಿತು.

ಲಾರಿಗಳು ಕಡಿಮೆಯಾದ ಆ ಒಂದೆರಡು ವರ್ಷ ಬೆಟ್ಟಗಳು ಎಷ್ಟು ಬೇಗ ಹಸಿರಾದವು ಎಂಬುದನ್ನು ಸಂಡೂರಿನವರು ಈಗಲೂ ಹೇಳುತ್ತಾರೆ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಅದೇ ಗುರುತು. ಗಣಿ ಮತ್ತೆ ನಡೆಯುತ್ತಿದೆ. ಅದಿರಿನ ಒಂದು ಪಾಲು ಈಗ ಕನ್ವೇಯರ್ ಬೆಲ್ಟ್‌ಗಳಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದಾದರೂ ಲಾರಿಗಳು ಪೂರ್ತಿ ನಿಂತಿಲ್ಲ. 2024ರ ಜೂನ್‌ನಲ್ಲಿ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಕಾಡಿನಲ್ಲಿ ಕೆಐಒಸಿಎಲ್ ಕಂಪನಿಗೆ ಗಣಿ ನಡೆಸಲು ಕೇಂದ್ರ ಮುಂದಾದಾಗ ಪರಿಸರ ಕಾರ್ಯಕರ್ತರು ಬಲವಾಗಿ ವಿರೋಧಿಸಿದರು. ರಾಜ್ಯ ಸರ್ಕಾರವೂ ಅರಣ್ಯಭೂಮಿ ಹಸ್ತಾಂತರ ಮಾಡದಂತೆ ಸೂಚಿಸಿತು. ಉಕ್ಕು ದೇಶಕ್ಕೆ ಬೇಕು, ಗಣಿಯಿಂದ ಊರಿನ ಎಷ್ಟೋ ಮನೆಗಳ ಒಲೆ ಉರಿಯುತ್ತದೆ, ನಿಜ. ಆದರೆ ಈಗಾಗಲೇ ತೋಡಿದ ಬೆಟ್ಟಗಳು ಇರುವಾಗ ಇನ್ನೂ ಕೈ ಮುಟ್ಟದ ಕಾಡಿಗೆ ಕೈಹಾಕುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಬೆಟ್ಟದಾರಿಯ ಜೊತೆಗೇ ಸೇರಿಸಿಕೊಳ್ಳಬಹುದಾದ ಜಾಗಗಳು ಸುತ್ತಲೂ ಇವೆ. ಕಮಲಾಪುರದಿಂದ ದರೋಜಿಯ ಕಡೆ ಹೋದರೆ ಕರಡಿಧಾಮ. 1994ರಲ್ಲಿ ಸುಮಾರು 56 ಚದರ ಕಿಲೋಮೀಟರಿನಲ್ಲಿ ಆರಂಭವಾದ ಇದು 2009ರಲ್ಲಿ 82 ಚದರ ಕಿಲೋಮೀಟರಿಗೆ ಹಿಗ್ಗಿತು. ಮಧ್ಯಾಹ್ನದ ನಂತರ ವೀಕ್ಷಣಾ ಗೋಪುರದಿಂದ ನೋಡಿದರೆ ಎದುರಿನ ಬಂಡೆಗುಡ್ಡದ ಗವಿಗಳಿಂದ ಕರಡಿಗಳು ಒಂದೊಂದಾಗಿ ಇಳಿದುಬರುತ್ತವೆ, ಬೆನ್ನ ಮೇಲೆ ಮರಿ ಹೊತ್ತ ತಾಯಿಯೂ ಕಾಣುವುದುಂಟು. ಹಕ್ಕಿ ನೋಡುವವರಿಗೆ ಇಲ್ಲಿನ ಬಂಡೆಗಳ ನಡುವೆ ಬದುಕುವ ಹಳದಿ ಕತ್ತಿನ ಪಿಕಳಾರ ದೊಡ್ಡ ಆಕರ್ಷಣೆ. ಬುರ್ರಕಥೆಯ ಸಾವಿರಾರು ಸಾಲುಗಳನ್ನು ನೆನಪಿನಿಂದಲೇ ಹಾಡುತ್ತಿದ್ದ ದರೋಜಿ ಈರಮ್ಮನವರ ಊರೂ ಇದೇ. ಅವರು 2014ರಲ್ಲಿ ತೀರಿಕೊಂಡರು.

ಹಂಪಿಗೆ ಹೊಸಪೇಟೆಯಿಂದ 13 ಕಿಲೋಮೀಟರ್. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಊರು ಗುಡಿಗಳಿಗಷ್ಟೇ ಅಲ್ಲ, ಬಂಡೆ ಹತ್ತುವವರಿಗೂ ತವರು. ಅಮೆರಿಕದ ಆರೋಹಿ ಕ್ರಿಸ್ ಶರ್ಮಾ ಇಲ್ಲಿನ ಗುಂಡುಗಲ್ಲುಗಳನ್ನು ಹತ್ತಿದ್ದನ್ನು ಚಿತ್ರಿಸಿದ ‘ಪಿಲ್‌ಗ್ರಿಮೇಜ್’ 2003ರಲ್ಲಿ ತೆರೆಕಂಡ ಮೇಲೆ ಜಗತ್ತಿನ ನಾನಾ ಕಡೆಯ ಯುವಕರು ಬೆನ್ನಿಗೆ ಮೆತ್ತೆ ಕಟ್ಟಿಕೊಂಡು ಬರತೊಡಗಿದರು. ಅವರು ತಂಗುತ್ತಿದ್ದ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಮಾರ್ಚ್‌ನಲ್ಲಿ ತೆರವಾದವು. ಹತ್ತುವಿಕೆ ನಿಂತಿಲ್ಲ. ಆನೆಗೊಂದಿ, ಸಣಾಪುರಗಳ ಕಡೆ ಮುಂದುವರಿದಿದೆ. ಹಂಪಿಯ ಮಾತಂಗ ಬೆಟ್ಟದಿಂದ ಸೂರ್ಯೋದಯ, ಆನೆಗೊಂದಿಯ ಅಂಜನಾದ್ರಿಯ ಸುಮಾರು 575 ಮೆಟ್ಟಿಲು, ಸಣಾಪುರದ ನೀರಿನಲ್ಲಿ ಹರಿಗೋಲು ಇವು ಕಾಲಿಗೆ ಕಸುವಿದ್ದವರ ದಿನಚರಿ. ಸಣಾಪುರದ ಬಳಿ ಬಂಡೆಯಿಂದ ಹೊಳೆಗೆ ಧುಮುಕುವ ಹುಚ್ಚಿಗೆ ಜೀವಗಳು ಹೋಗಿವೆ. ಮೇಲೆ ಶಾಂತವಾಗಿ ಕಾಣುವ ತುಂಗಭದ್ರೆ ಬಂಡೆಗಳ ಸಂದಿನಲ್ಲಿ ಸೆಳೆದುಕೊಂಡರೆ ಈಜು ಬಲ್ಲವರನ್ನೂ ಬಿಡುವುದಿಲ್ಲ.

ಕಂಪ್ಲಿ ಈ ಸುತ್ತಿನ ಕೊನೆಯ ತುದಿ. ಗಂಡುಗಲಿ ಕುಮಾರರಾಮನ ನೆನಪಿನ ಊರು. 1327ರಲ್ಲಿ ದೆಹಲಿಯ ಸೈನ್ಯಕ್ಕೆ ಬಿದ್ದ ಕಂಪಿಲಿ ರಾಜ್ಯದ ಹೆಸರು ಇದರಲ್ಲಿ ಉಳಿದಿದೆ. ಬೆಟ್ಟದ ಕೆಂಪು ಕಳೆದು ಇಲ್ಲಿ ಭತ್ತ, ಕಬ್ಬು, ಬಾಳೆಯ ತೋಟಗಳ ನಡುವೆ ಸಪಾಟು ರಸ್ತೆ. ಟಿ.ಬಿ. ಡ್ಯಾಂನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ ಹೊಳೆದಂಡೆಯ ಊರುಗಳೆಲ್ಲ ನಿದ್ದೆಗೆಟ್ಟಿದ್ದವು. ಮಳೆಗಾಲದಲ್ಲಿ ಈ ಕಡೆ ಬರುವವರು ಡ್ಯಾಂನ ಹೊರಹರಿವು ಎಷ್ಟೆಂದು ವಿಚಾರಿಸಿಕೊಂಡೇ ಹೊರಡಬೇಕು.

ಸಂಡೂರು ದಾರಿಗೆ ಬೇಕಾದ ಎಚ್ಚರ ಬೇರೆ. ಮಳೆ ಬಿದ್ದ ಕೂಡಲೇ ಅದಿರಿನ ಧೂಳು ನುಣುಪಾದ ಕೆಸರಾಗುತ್ತದೆ. ದ್ವಿಚಕ್ರ ವಾಹನದವರು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಜಾರುವುದು ಖಂಡಿತ. ತುಂಬಿದ ಲಾರಿ ಇಳಿಜಾರಿನಲ್ಲಿ ಬರುತ್ತಿದ್ದರೆ ಅದಕ್ಕೆ ದಾರಿ ಬಿಟ್ಟುಕೊಡುವುದು ಜಾಣತನ. ರಾತ್ರಿ ಪಯಣ ಬೇಡ. ಗಣಿ ಪ್ರದೇಶದ ಕವಲುದಾರಿಗಳು ಸಾರ್ವಜನಿಕರಿಗಲ್ಲ, ಕಾಡಿನೊಳಗೆ ಚಾರಣ ಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಸ್ವಂತ ವಾಹನ ಇಲ್ಲದವರಿಗೆ ಹೊಸಪೇಟೆಯಿಂದ ಸಂಡೂರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಕಾರಿನಲ್ಲಿ ಹೋದವರಿಗಿಂತ ಹೆಚ್ಚು ಕಾಣುತ್ತದೆ. ಬೆಳಗಿನ ಹಸಿವಿಗೆ ಒಗ್ಗರಣೆ-ಮಿರ್ಚಿ ಎಲ್ಲ ಸರ್ಕಲ್‌ಗಳಲ್ಲೂ ಸಿಗುತ್ತದೆ. ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಜೊತೆ ಕೊಡುವ ಈ ತಿಂಡಿಯಿಲ್ಲದೆ ಈ ಸೀಮೆಯ ದಿನ ಶುರುವಾಗುವುದಿಲ್ಲ. ಕುಮಾರಸ್ವಾಮಿ ಬೆಟ್ಟದ ಮೇಲೆ ಅಂಗಡಿಗಳು ಕಡಿಮೆ. ನೀರು ಒಯ್ದವರು ಖಾಲಿ ಬಾಟಲಿಯನ್ನು ಕೆಳಗೆ ತರಬೇಕು.

ಹಂಪಿಗೆಂದು ಎರಡು ದಿನ ಇಟ್ಟುಕೊಂಡು ಬರುವವರು, ಅದು ಮಳೆಗಾಲದ ಕೊನೆಯಾಗಿದ್ದರೆ, ಇನ್ನೊಂದು ದಿನವನ್ನು ಸಂಡೂರಿಗೆ ಕೊಡಬೇಕು. ಬೆಳಿಗ್ಗೆ ಆರಕ್ಕೆ ಹೊಸಪೇಟೆ ಬಿಟ್ಟು, ಓಬಳಗಂಡಿ ನೋಡಿ, ಬಿಸಿಲೇರುವ ಮೊದಲು ಕುಮಾರಸ್ವಾಮಿ ಬೆಟ್ಟ ಹತ್ತಿ, ಮಧ್ಯಾಹ್ನ ಕಸೂತಿ ಕೇಂದ್ರಕ್ಕೆ ಬಂದು, ಸಂಜೆ ಭೀಮಗಂಡಿಯ ಮೂಲಕ ತೋರಣಗಲ್ಲಿಗೆ ಇಳಿದರೆ ಅಲ್ಲಿಂದ ಹೊಸಪೇಟೆಗೆ ಹೆದ್ದಾರಿ ಸಿಗುತ್ತದೆ.